ರುಜುವಿಗೆ ರುಜು

ರಾಯದುರ್ಗ, ೧೧ ನವೆಂಬರ್ ೧೯೩೭, ಗುರುವಾರ

ಇವತ್ತೂ ಬೆಳಗ್ಗೆ ವಾಂತಿ. ತಲೆನೋವು ಹಣೆ ಒಳಗೆ ಬಿಡಾರ ಹೂಡೈತೆ. ನಾನು ಬಚ್ಚಲಲ್ಲಿ ಬಗ್ಗಿದ್ರೆ ಅತ್ತೆಗೆ ಸಂಭ್ರಮ. "ಗಂಡುಕೂಸು ಇದ್ರ ಹಿಂಗ ನೋಡ್ರಿ" ಅಂತ ಪಕ್ಕದ ಮನೆಗೆ ಕೇಳೋ ಹಾಗೆ ಕೂಗ್ತಾರೆ. ಏಳು ವರ್ಷ ನನ್ನನ್ನ ಬಂಜಿ ಅಂದಿದ್ದೂ ಅದೇ ಬಾಯಿ.

ಮುಟ್ಟು ನಿಂತು ಐದು ತಿಂಗಳು. ಸೂಲಗಿತ್ತಿ ಓಬಳಮ್ಮ ಬಂದು ಎದೆ ಹಿಂಡಿ ನೋಡಿದ್ಲು. ಹಾಲು! ಹೊಟ್ಟೆ ಯಾಕೆ ಬಂದಿಲ್ಲ ಅಂದೆ. "ಚೊಚ್ಚಲದಾಗ ಹಂಗs. ಕಾಣಂಗಿಲ್ಲ" ಅಂದ್ಲು.

ಡಿ. ಹಿರೇಹಾಳಿನ ಹುಡುಗಿ ಸುದ್ದಿ ನಿಂತೈತೆ. ನಮ್ಮ ಮನೆಯವರಿಗೆ ಎರಡನೇ ಮದುವೆಗೆ ಅಂತ ನೋಡಿಟ್ಟಿದ್ದ ಹುಡುಗಿ. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ರು. ನನಗೇನು ಕಿವಿ ಇಲ್ವಾ? ಕೂಸು ಬರಲಿ, ಒಬ್ಬೊಬ್ಬರನ್ನೂ ವಿಚಾರಿಸ್ಕೊಂತೀನಿ.

೧೯ ನವೆಂಬರ್

ಕುಬುಸ ಆಯ್ತು, ಬಸುರಿಗೆ ಮಾಡೋ ಸೀಮಂತ. ಏಳನೇ ತಿಂಗಳಿಗೆ ಮಾಡೋದು. ಅತ್ತೆಗೆ ಐದಕ್ಕೇ ಅವಸರ, ಊರಿಗೆ ತೋರಿಸ್ಬೇಕಲ್ಲ! ಹಸಿರು ಸೀರೆ, ಹಸಿರು ಕುಬುಸ, ಮೊಣಕೈವರೆಗೂ ಹಸಿರು ಬಳೆ.

ಮಡಕಶಿರದಿಂದ ಅಣ್ಣ ಬಂದಿದ್ದ, ಮೇಷ್ಟ್ರ ಕೋಟು ಹಾಕ್ಕೊಂಡು. ಆರತಿ ಹೊತ್ತಲ್ಲಿ ಬಲಗಡೆ ನಿಂತಿದ್ದ ನಾದಿನಿ ತಟ್ಟೆಗೆ ಕೈ ತಾಗಿಸಿಬಿಟ್ಟೆ. ಕುಂಕುಮದ ನೀರೆಲ್ಲ ನೆಲಕ್ಕೆ. "ಕಣ್ಣು ಕಾಣಂಗಿಲ್ಲೇನ ನಿನಗ?" ಅಂತ ಅತ್ತೆ ಕಿರುಚಾಟ.

ಕಾಣಲಿಲ್ಲ. ನಿಜವಾಗ್ಲೂ ಕಾಣಲಿಲ್ಲ. ಎದುರಿಗಿದ್ದದ್ದು ಕಾಣುತ್ತೆ, ಪಕ್ಕದ್ದು ಇಲ್ಲವೇ ಇಲ್ಲ... ಬಾಗಿಲ ಚೌಕಟ್ಟಿಗೆ ಬಡಿದೂ ಬಡಿದೂ ತೋಳು ಕಪ್ಪಾಗೈತೆ. ಅಣ್ಣ ಅದನ್ನ ನೋಡಿ, "ಹೊಡೀತಾನೇನೇ ಅವನು?" ಅಂದ. ಇಲ್ಲ ಕಣಣ್ಣ, ಬಾಗಿಲು ಹೊಡೆಯುತ್ತೆ ಅಂದೆ. ನಗಲಿಲ್ಲ. ಬಳ್ಳಾರಿ ಕಣ್ಣಿನ ಡಾಕ್ಟರಿಗೆ ತೋರಿಸಲೇಬೇಕು ಅಂತ ಕೂತಿದ್ದಾನೆ.

ಬಳ್ಳಾರಿ, ೨೩ ನವೆಂಬರ್, ಛತ್ರದಲ್ಲಿ

ಕತ್ತಲೆ ಕೋಣೆ. ಕಣ್ಣೊಳಗೆ ದೀಪ ಬಿಟ್ಟು ನೋಡಿದ್ರು. ಆಮೇಲೆ ಪಕ್ಕದಿಂದ ಬೆರಳು ತಂದು, "ಕಂಡಾಗ ಹೇಳಮ್ಮ" ಅಂದ್ರು. ನಾನು "ಹ್ಞಾಂ" ಅನ್ನೋ ಹೊತ್ತಿಗೆ ಬೆರಳು ಮೂಗಿನ ಹತ್ತಿರಕ್ಕೇ ಬಂದಿತ್ತು. ತಲೆಗೆ ಎಕ್ಸ್-ರೇ. ಲೇಡಿ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ಎದ್ದು ಹೋದ್ಲು.

ಬ್ರೈನ್ ಟ್ಯೂಮರ್ ಅಂತೆ. ಗಂಟು. ಮೆದುಳಿನ ತಳದಲ್ಲಿ, ಎರಡು ಕಣ್ಣಿನ ನರವೂ ಸೇರೋ ಜಾಗದಲ್ಲಿ. ಮುಟ್ಟು ನಿಲ್ಲಿಸಿದ್ದು ಅದೇ. ಹಾಲು ಬರಿಸಿದ್ದೂ ಅದೇ ಇರಬೇಕಂತೆ.

"ಮಗು?" ಅಂದೆ.

"ಮಗು ಇಲ್ಲಮ್ಮ. ಇರಲೇ ಇಲ್ಲ."

ಥೂ. ಐದು ತಿಂಗಳು ಆ ಗಂಟಿಗೆ ಹೆಸರು ಹುಡುಕ್ತಾ ಕೂತಿದ್ದೆ. ಅದಕ್ಕೆ ಅಂತ ಹಳೇ ಸೀರೆ ಹರಿದು ಕುಲಾವಿ ಹೊಲಿದಿದ್ದೆ. ಅಣ್ಣ ಅತ್ತ. ನನಗೆ ಅಳು ಬರಲಿಲ್ಲ, ಯಾರನ್ನಾದ್ರೂ ಹಿಡಿದು ಬಡೀಬೇಕು ಅನ್ನಿಸ್ತು.

ರಾಯದುರ್ಗ, ೨ ಡಿಸೆಂಬರ್

"ಸುಳ್ಳ ಬಸುರಿ ಹೇಳ್ಕೊಂಡು ಕುಬ್ಸ ಉಂಡ್ಯಲ್ಲ! ಮಂದ್ಯಾಗ ನನ್ನ ಮಕಕ್ಕ ಮಸಿ ಬಳದಿ!" ಬೆಳಗ್ಗಿಂದ ಅತ್ತೆದು ಇದೇ. ಕುಬುಸದ ಸೀರೆ ವಾಪಸ್ ಕೇಳಿದ್ರು. ಮುಖಕ್ಕೆ ಎಸೆದ ಹಾಗೇ ಕೊಟ್ಟೆ. ಬಳೆ ತೆಗಿ ಅಂದ್ರು. ಸಣ್ಣ ಬಳೆ, ಇಳಿಯಲ್ಲ ಅಂದೆ. ಹಂಗಾದ್ರ ಒಡಿ ಅಂದ್ರು.

"ಹೆಂಗಸು ಬಳೆ ಒಡೆಯೋದು ಯಾವಾಗ ಅಂತ ನಿಮಗೇ ಗೊತ್ತಲ್ಲ. ಒಡೀಲಾ?" ಅಂದೆ.

ಮಗನ ಮುಖ ನೋಡಿ, ಸೀರೆ ಮಾತ್ರ ಎತ್ಕೊಂಡು ಒಳಗೆ ಹೋದ್ರು. ಇಡೀ ದಿನದಲ್ಲಿ ನನಗೆ ಖುಷಿ ಆಗಿದ್ದು ಅದೊಂದೇ.

೨೦ ಡಿಸೆಂಬರ್

ಅಣ್ಣ ಮದ್ರಾಸಿಗೇ ಹೋಗಿ ವಿಚಾರಿಸಿ ಕಾಗದ ಬರೆದಿದ್ದಾನೆ. ಆಪರೇಷನ್ ಮಾಡಿಸದಿದ್ರೆ ವರ್ಷದೊಳಗೆ ಎರಡು ಕಣ್ಣೂ ಹೋಗುತ್ತೆ, ಜೀವ ಮಾತ್ರ ಎಷ್ಟು ವರ್ಷ ಬೇಕಾದ್ರೂ ಇರಬಹುದು. ಮಾಡಿಸಿದ್ರೆ ಕಣ್ಣು ಉಳಿಯಬಹುದು... ಅಲ್ಲಿನ ಬಿಳಿ ದೊರೆ ಸರ್ಜನ್ ಇಂಥದ್ದು ನಾಲ್ಕು ಮಾಡಿದ್ದಾನಂತೆ. ಬದುಕಿದ್ದು ಇಬ್ಬರು. ಆಸ್ಪತ್ರೆ ಕಾಗದಕ್ಕೆ ಅಣ್ಣನ ರುಜು ನಡೆಯಲ್ಲ, ಗಂಡನದೇ ಆಗಬೇಕು.

ಕೇಳಿದೆ. "ತಲಿ ಕೊರಸಾಕ ನಾ ರುಜು ಹಾಕ್ಲಾ? ಮಂದಿ ಏನಂದಾರು? ಸುಮ್ನಿರು" ಅಂದ್ರು. ಕೈ ತೊಳ್ಕೊಂಡು ಅಂಗಡಿಗೆ ಹೋದ್ರು.

೧೪ ಜನವರಿ ೧೯೩೮

ಹಿರೇಹಾಳಿನ ಹುಡುಗಿ ಸುದ್ದಿ ಮತ್ತೆ ಎದ್ದೈತೆ. ಈ ಸಲ ಗುಟ್ಟೇನಿಲ್ಲ. ಹುಡುಗಿ ಅಪ್ಪ ಸಣ್ಣಬಸಪ್ಪ ಗಟ್ಟಿ ಆಸಾಮಿ. ಮೊದಲನೇ ಹೆಂಡತಿ ಒಪ್ಪಿಗೆ ಅಂತ ಬರೆದು ರುಜು ಹಾಕಿ ಕೊಡಬೇಕು, ಇಲ್ಲದಿದ್ರೆ ಹೆಣ್ಣು ಇಲ್ಲ ಅಂದಿದ್ದಾನೆ. ಇವರು ಕಾಗದ ಬರೆಸ್ಕೊಂಡೇ ಬಂದ್ರು.

"ಒಂದs ರುಜು. ನಿನಗ ಉಣ್ಣಾಕ ಉಡಾಕ ಕಡಿಮಿ ಮಾಡಂಗಿಲ್ಲ."

ಉಣ್ಣಾಕ! ಕುರುಡಿಯಾಗಿ ಇದೇ ಮನೆ ಮೂಲೇಲಿ ಕೂತು, ಸವತಿ ಹಾಕಿದ ಮುದ್ದೆಗೆ ತಟ್ಟೆ ತಡಕಬೇಕು. ಅದಕ್ಕಿಂತ ಆ ದೊರೆ ಚಾಕುವೇ ವಾಸಿ.

"ನೀವು ಆಸ್ಪತ್ರೆ ಕಾಗದಕ್ಕೆ ಹಾಕಿ, ನಾನು ಇದಕ್ಕೆ ಹಾಕ್ತೀನಿ. ಮೊದಲು ನೀವು. ಮದ್ರಾಸಲ್ಲಿ" ಅಂದೆ.

"ವ್ಯಾಪಾರ ಮಾಡ್ತೀಯೇನ ನನ್ನ ಕೂಡ?"

"ಅಂಗಡಿಯವರ ಹೆಂಡ್ತಿ ಅಲ್ವಾ?"

ಕೈ ಎತ್ತಿದ್ರು. ಹೊಡೀಲಿಲ್ಲ. ಎತ್ತಿದ್ದೂ ನನಗೆ ಕಂಡಿದ್ದು ಅರ್ಧವೇ.

ಗಂಡನ ಹೆಸರು ಬಾಯಲ್ಲಿ ಬಂದ್ರೆ ಅವನ ಆಯಸ್ಸು ಕಡಿಮೆ ಆಗುತ್ತೆ ಅಂತ ಏಳು ವರ್ಷ ನಾಲಿಗೆ ಕಚ್ಚಿ ಹಿಡಿದಿದ್ದೆ. ಇಲ್ಲಿ ಬರೀತೀನಿ. ಗಂಗಾಧರಪ್ಪ. ಗಂಗಾಧರಪ್ಪ. ಗಂಗಾಧರಪ್ಪ.

ಮದ್ರಾಸು, ೮ ಫೆಬ್ರವರಿ, ಬೆಳಗ್ಗೆ ಏಳು

ಅಕ್ಷರ ದಪ್ಪಗೆ ಬರೀತಿದೀನಿ. ಇಲ್ಲದಿದ್ರೆ ಸಾಲು ತಪ್ಪುತ್ತೆ.

ಕೊನೆಗೂ ವ್ಯಾಪಾರಕ್ಕೆ ಒಪ್ಪಿ ಇವರು ನಿನ್ನೆ ಬಂದ್ರು. ಡಾಕ್ಟರ ಎದುರು ರುಜು ಹಾಕಿದ್ರು, ಕೈ ನಡುಗಲಿಲ್ಲ. ವರಾಂಡಕ್ಕೆ ಬಂದ ತಕ್ಷಣ ಜೇಬಿಂದ ತಮ್ಮ ಕಾಗದ ತೆಗೆದು, ಪೆನ್ನು ಬಿಚ್ಚಿ ಕೊಟ್ರು.

ಕಾಗದ ತಿರುವಿ ಮುರುವಿ ನೋಡಿದೆ. "ಕಾಣ್ತಾ ಇಲ್ರೀ. ಎಲ್ಲಾ ಮಬ್ಬು" ಅಂದೆ.

ಕಾಣ್ತಿತ್ತು. ನನ್ನ ಹೆಸರು ಬರೆದಿದ್ದ ಜಾಗ ನೆಟ್ಟಗೆ ಕಾಣ್ತಿತ್ತು.

"ಕಣ್ಣು ಉಳೀಲಿ, ಎದ್ದು ಕೂತು ಹಾಕಿಕೊಡ್ತೀನಿ."

ಕಾಗದ ನಾಲ್ಕು ಮಡಿಕೆ ಮಡಿಸಿ ಜೇಬಿಗೆ ಇಟ್ಕೊಂಡ್ರು. ಗೆದ್ದೆ ಅಂತ ಕುಣಿಯೋ ಹಾಗಾಯ್ತು. ಆಮೇಲೆ ಮಲಗಿದಾಗ ಹೊಳೀತು. ಸತ್ತರೆ ನನ್ನ ರುಜು ಯಾರಿಗೂ ಬೇಕಿಲ್ಲ. ಸಣ್ಣಬಸಪ್ಪನಿಗೂ ಬೇಕಿಲ್ಲ. ಅದು ಇವರಿಗೆ ನನಗಿಂತ ಮೊದಲೇ ಗೊತ್ತಿರಬೇಕು. ಅದಕ್ಕೇ ಕೈ ನಡುಗಲಿಲ್ಲ.

ಈಗ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಕಣ್ಣು ಮುಚ್ಚಿ ಲಿಂಗ ಹಿಡ್ಕೊಂಡು ಏನೋ ಬೇಡ್ಕೊಂತಿದ್ದಾರೆ. ಪಕ್ಕದಲ್ಲಿ ಅಣ್ಣನೂ ಹಾಗೇ ಕೂತಿದ್ದಾನೆ. ಇಬ್ಬರೂ ಬೇಡ್ತಿರೋದು ಒಂದೇ ಅಂತ ನರ್ಸಮ್ಮನಿಗೆ ಕನಿಕರ.

ಬದುಕ್ತೀನಿ. ನೋಡ್ತಾ ಇರಿ, ಗಂಗಾಧರಪ್ಪ. ಎದ್ದು ಬಂದು, ಎರಡು ಕಣ್ಣೂ ಬಿಟ್ಟು, ಆ ಕಾಗದ ಇಸ್ಕೊಂಡು ನಿಮ್ಮ ಎದುರಿಗೇ

ಕತ್ತರಿ ತಂದ್ರು. ಕೂದಲು ತೆಗೀಬೇಕಂತೆ. ಬಳೆನೂ ತೆಗೀಬೇಕಂತೆ, ಇಳಿಯದಿದ್ರೆ ಒಡೀತಾರಂತೆ. ಬಳೆ ಬೇಡ, ಅಮ್ಮಾ, ಬಳೆ ನಾನು