ಆನೆ ಕೆಮ್ಮು

ಮೂಡಲದಿನ್ನಿ, ಭೀಮೆಯ ಈಚೆ ದಂಡೆ.
ಮದ್ದು ಸೋತ ತೊಂಬತ್ತನಾಲ್ಕನೆಯ ವರ್ಷ, ನಡುಬೇಸಿಗೆ ಮಾಸ, ನಲವತ್ತನೆಯ ದಿನ.

ಕಫದ ಡಬ್ಬಿ ಹಿಡಿದು ಹಳ್ಳಿಯ ಮನೆಮನೆ ತಿರುಗುವ ತಂಗಿಗೆ ಹಂಪಮ್ಮ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡ. ನಿಮ್ಮ ಹನ್ನೆರಡು ತಿಂಗಳ ಲೆಕ್ಕ ನಮ್ಮ ಬಿಸಿಲಿಗೆ ಸಾಲದೆ ಹೋಯಿತು. ಬೇಸಿಗೆಯೊಂದಕ್ಕೇ ಈಗ ಮೂರು ಮಾಸ, ಮಾಸಕ್ಕೆ ಐವತ್ತು ದಿನ. ವರ್ಷವನ್ನು ಮಾತ್ರ, ನಿಮ್ಮ ಕಾಲದ ಕೊನೆಯ ಮಾತ್ರೆ ಕೈಕೊಟ್ಟಂದಿನಿಂದ ಎಣಿಸುತ್ತೇವೆ. ಹುಟ್ಟಿದ ಲೆಕ್ಕದಲ್ಲಿ ನೀನು ನನ್ನ ಮುತ್ತಜ್ಜಿಗೂ ಹಿರಿಯಳು. ಆದರೆ ನೀನು ನನ್ನ ಕಣ್ಣಿಗೆ ಬಿಸಿಲಲ್ಲಿ ಚೀಲ ಹೊತ್ತು ಹೊರಟ ಮೂವತ್ತರ ಹೆಣ್ಣಾಗಿಯೇ ಕಾಣುತ್ತೀಯ, ಅದಕ್ಕೇ ತಂಗಿ ಎಂದೆ. ನಡುನಡುವೆ ನಿನಗೆ ತಿಳಿಯದ ಮಾತುಗಳು ಬಂದರೆ ಕ್ಷಮಿಸು, ಸಾಧ್ಯವಾದಲ್ಲೆಲ್ಲ ಬಿಡಿಸಿ ಹೇಳುತ್ತೇನೆ. ಇಂಥ ಕಾಗದವನ್ನು ನಾವು ಹಿಂದೋಲೆ ಎನ್ನುತ್ತೇವೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಓಲೆ. ಊರಿಗೊಂದರಂತೆ ಬರೆಯಲು ಬಿಡುತ್ತಾರೆ. ಇದುವರೆಗೆ ಹೋದ ಯಾವ ಓಲೆಯಿಂದಲೂ ಇಲ್ಲಿ ಏನೂ ಬದಲಾದ ಹಾಗೆ ಕಾಣುವುದಿಲ್ಲ. ಆದರೂ ನಮ್ಮೂರಿನ ಸರದಿ ಬಂದಾಗ ಊರವರು ನನ್ನನ್ನು ಆರಿಸಿದರು. ಚೆನ್ನಾಗಿ ಬರೆಯುತ್ತೇನೆಂದಲ್ಲ, ಚೆನ್ನಾಗಿ ಬೈಯುತ್ತೇನೆಂದು.

ನನ್ನ ಕೆಲಸ ಕೆಮ್ಮಿಸುವುದು. ನಗಬೇಡ. ನಿಮ್ಮಲ್ಲಿ ಊರಿಗೊಬ್ಬ ಸೂಲಗಿತ್ತಿ ಇದ್ದ ಹಾಗೆ ನಮ್ಮಲ್ಲಿ ಊರಿಗೊಬ್ಬ ಕೆಮ್ಮಿಸುವಾಕೆ ಇರುತ್ತಾಳೆ. ಊರ ನಡುವೆ ಬೇವಿನ ಮರದ ಕೆಳಗೆ ಕೆಮ್ಮುಕಟ್ಟೆ ಇದೆ. ಮುಂಜಾನೆ ಎದ್ದವರೆಲ್ಲ ಅಲ್ಲಿಗೆ ಬಂದು, ಗಾಳಿಗೆ ಬೆನ್ನು ಕೊಟ್ಟು, ಒಂದೇ ಸಾಲಿನಲ್ಲಿ ದೂರದೂರ ಕೂತು, ಎದೆಯ ಆಳದಿಂದ ಕೆಮ್ಮಿ ಕಫವನ್ನು ಮಣ್ಣಿನ ಕುಡಿಕೆಗೆ ಹಾಕಬೇಕು. ಹೆಂಗಸರು ಮೊದಲು, ಸೊಸೆಯಂದಿರು ಎಲ್ಲರಿಗಿಂತ ಮೊದಲು. ಕಫ ಬಾರದವರಿಗೆ ಉಪ್ಪುನೀರಿನ ಹಬೆ ಕೊಡುತ್ತೇನೆ, ಬೆನ್ನು ತಟ್ಟುತ್ತೇನೆ, ಅದಕ್ಕೂ ಬಗ್ಗದಿದ್ದರೆ ಅವರ ಗಂಡನ ಮೇಲೆ ಒಂದು ಕುಚೋದ್ಯ ಹೇಳುತ್ತೇನೆ. ನಕ್ಕರೆ ಕೆಮ್ಮು ತಾನಾಗಿ ಬರುತ್ತದೆ. ಮಕ್ಕಳಿಗೆ ಮಾತು ಬರುವ ಮೊದಲೇ ಇದನ್ನು ಆಟವಾಗಿ ಕಲಿಸುತ್ತೇವೆ. ಬರೀ ಗಂಟಲಲ್ಲಿ ಕೆಮ್ಮಿದರೆ ಗುಬ್ಬಿ ಕೆಮ್ಮು, ಹೊಟ್ಟೆ ಕುಣಿಯುವಂತೆ ಕೆಮ್ಮಿದರೆ ಆನೆ ಕೆಮ್ಮು. ಆನೆಯನ್ನು ನಮ್ಮಲ್ಲಿ ಯಾರೂ ಕಂಡವರಿಲ್ಲ. ಮದುವೆಯಲ್ಲಿ ತಾಳಿ ಕಟ್ಟುವ ಮುನ್ನ ಗಂಡು ಹೆಣ್ಣು ಇಬ್ಬರೂ ನೆರೆದವರ ಮುಂದೆ ಕೆಮ್ಮಬೇಕು, ಜೋರಾಗಿ ಕೆಮ್ಮಿದ ಮದುಮಗಳಿಗೆ ಹಿರಿಯರಿಂದ ಶಹಬ್ಬಾಸ್ ಸಿಗುತ್ತದೆ.

ನಮ್ಮ ಮನೆಗಳಿಗೆ ಮೂರೇ ಗೋಡೆ. ನಾಲ್ಕನೆಯದನ್ನು ಕಟ್ಟಬಾರದೆಂದು ಕಟ್ಟಳೆ, ಏಕೆಂದರೆ ನಿಂತ ಗಾಳಿಯಲ್ಲಿ ಒಳಸವೆತ ಹಬ್ಬುತ್ತದೆ. ನೀವು ಕ್ಷಯ ಎಂದೂ ಟಿಬಿ ಎಂದೂ ಕರೆಯುತ್ತಿದ್ದದ್ದಕ್ಕೆ ನಮ್ಮ ಹೆಸರು ಅದು. ಸಜ್ಜೆ ರೊಟ್ಟಿಯ ಮೇಲೆ ಸದಾ ದೂಳು. ಮಳೆ ಬಂದರೆ ಹಾಸಿಗೆ ಎತ್ತಿಕೊಂಡು ಮೂಲೆ ಸೇರುತ್ತೇವೆ. ಗಂಡ ಹೆಂಡತಿ ಜಗಳವಾಡಿದರೆ ಓಣಿಯೆಲ್ಲ ನ್ಯಾಯ ಹೇಳಲು ಬರುತ್ತದೆ. ಒಳಸವೆತ ಹಿಡಿದವರನ್ನು ಕೆಮ್ಮುಕಟ್ಟೆಯ ಹಿಂದಿನ ಹೊರಗಾಳಿ ಮನೆಯಲ್ಲಿ ಇಡುತ್ತೇವೆ. ಅದಕ್ಕೆ ಇರುವುದು ಒಂದೇ ಗೋಡೆ, ಕಟ್ಟೆಯ ಕಡೆಗೆ. ಉಳಿದ ಮೂರೂ ಬದಿ ಬಯಲು.

ಈಗ ನಮ್ಮ ತಿಳಿಗಾಜಿನ ಮಾತು. ಅಂಗೈಯಗಲದ ಗಾಜು ಅದು. ಕುಡಿಕೆಯ ಮೇಲೆ ಹಿಡಿದರೆ ಒಂದು ರೊಟ್ಟಿ ಬೇಯುವಷ್ಟರಲ್ಲಿ ಒಳಗಿರುವ ರೋಗಾಣುವಿನ ಹೆಸರು ಹೇಳುತ್ತದೆ. ಅಷ್ಟಕ್ಕೆ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಆ ರೋಗಾಣುವಿಗೆ ನಾಟದ ಮದ್ದುಗಳ ಹೆಸರನ್ನೂ ಒಂದೊಂದಾಗಿ ಓದುತ್ತದೆ, ಹೆಳವರು ಬಂದು ಮನೆತನದ ಹಿರಿಯರ ಹೆಸರುಗಳನ್ನು ಓದಿದ ಹಾಗೆ. ರೋಗಿಯ ಮನೆಯವರು ತಲೆತಗ್ಗಿಸಿ ಅಷ್ಟನ್ನೂ ಕೇಳುತ್ತಾರೆ. ಕೊನೆಗೆ ಒಂದೇ ಒಂದು ಮದ್ದು ಉಳಿಯುತ್ತದೆ, ಅದರ ಹೆಸರೇ ಉಳಿಕೆ. ರೋಗಾಣು ಎದೆಯಲ್ಲಿ ಬೀಡುಬಿಟ್ಟ ಹೊಸತರಲ್ಲೇ ಸಿಕ್ಕರೆ ಮಾತ್ರ ಉಳಿಕೆ ನಾಟುತ್ತದೆ, ಅದೂ ಎಲ್ಲರಿಗೂ ಅಲ್ಲ. ನಾಟಿದವರ ಜೀವ ಉಳಿಸಿ ಕಿವಿಯನ್ನು ತಿಂದುಬಿಡುತ್ತದೆ. ನಮ್ಮೂರಲ್ಲಿ ಕಿವುಡರನ್ನು ಕಂಡರೆ ಎಲ್ಲರೂ ಕೈ ಮುಗಿಯುತ್ತಾರೆ, ಬದುಕಿ ಬಂದವರೆಂದು.

ಗಾಜು ಓದುವ ಆ ಹೆಸರುಗಳೆಲ್ಲ ನಿನ್ನ ಕಾಲದಲ್ಲಿ ಜೀವಂತವಾಗಿದ್ದವು, ತಂಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಿದ್ದರಂತೆ. ನಿಮಗೆ ಸಿಗದೆ ಹೋದದ್ದು ಕಫ. ನೀನು ಡಬ್ಬಿ ಕೊಟ್ಟು ಆಳದಿಂದ ಕೆಮ್ಮಿ ಉಗುಳಬೇಕೆಂದು ಹೇಳಿ ಅಂಗಳದಲ್ಲಿ ಕಾಯುತ್ತೀಯ. ಮಾವ ಕಟ್ಟೆಯ ಮೇಲೆ ಕೂತಿರುತ್ತಾನೆ, ಮೈದುನ ಹೊಸ್ತಿಲಲ್ಲಿ ನಿಂತಿರುತ್ತಾನೆ. ಸೊಸೆ ಒಳಗೆ ಹೋಗಿ, ಬಾಯಿ ಮುಕ್ಕಳಿಸಿ, ಸದ್ದಾಗದಂತೆ ಒಂದಿಷ್ಟು ತಿಳಿ ಉಗುಳು ತುಂಬಿ, ಡಬ್ಬಿಯನ್ನು ಸೆರಗಿನಿಂದ ಒರೆಸಿ ತಂದುಕೊಡುತ್ತಾಳೆ. ಹೊಲಸು ಕೊಟ್ಟರೆ ನಿನಗೆ ಅಸಹ್ಯವಾದೀತು ಎಂಬ ಸಂಕೋಚ ಅವಳಿಗೆ. ಎದೆಯಲ್ಲಿ ಇದ್ದದ್ದು ಎದೆಯಲ್ಲೇ ಉಳಿಯುತ್ತದೆ. ಉಗುಳನ್ನು ನೋಡಿದವರು ಏನೂ ಇಲ್ಲ ಎಂದು ಬರೆಯುತ್ತಾರೆ. ಅತ್ತೆ ಊರಿಗೆಲ್ಲ ಹೇಳುತ್ತಾಳೆ: “ನಮ್ಮ ಸೊಸಿಗಿ ಏನೂ ಇಲ್ರೀ, ಬರೇ ನೆಗಡಿ.” ಆಮೇಲೆ ಸೂಜಿ ಚುಚ್ಚುವವನ ಹತ್ತಿರ ಒಂದೆರಡು ದಿನದ ಗುಳಿಗೆ, ಅಂಗಡಿಯಿಂದ ಒಂದು ಬಾಟಲಿ ಟಾನಿಕ್ಕು. ಹೀಗೆ ಅರೆಬರೆ ಮದ್ದು ಉಂಡು ಉಂಡು ಆ ರೋಗಾಣು ಗಟ್ಟಿಮುಟ್ಟಾಗಿ ನಮ್ಮ ತನಕ ಬಂತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಿದ್ದಿರಂತೆ ನೀವು. ಮಾಡಿದವರು ನೀವು, ಉಣ್ಣುವವರು ನಾವು. ಆ ಸೊಸೆಯ ಮೇಲೆ ನನಗೆ ಸಿಟ್ಟಿಲ್ಲ, ಕಲಿಸಿದ್ದನ್ನು ಮಾಡಿದಳು. ಕಲಿಸಿದವರು ಕೈಗೆ ಸಿಕ್ಕರೆ ಬಿಡುತ್ತಿರಲಿಲ್ಲ.

ಇದೆಲ್ಲ ಹಳೆಯ ಕಥೆ, ನಮ್ಮಲ್ಲಿ ಮುಗಿದುಹೋಗಿದೆ ಎಂದುಕೊಂಡಿದ್ದೆ. ನನ್ನ ಒಬ್ಬಳೇ ಮಗಳು ಸೂಗಮ್ಮನನ್ನು ನದಿಯ ಆಚೆ ದಂಡೆಗೆ ಕೊಟ್ಟಿದ್ದೆ. ಅಲ್ಲಿ ಬಹಳ ಕಾಲ ಒಳಸವೆತ ಕಾಣಿಸಿಕೊಳ್ಳಲಿಲ್ಲ. ಅದೇ ಅವರ ತಲೆಗೇರಿತು. ಮೊದಲು ಕೆಮ್ಮುಕಟ್ಟೆಗೆ ಬರುವುದನ್ನು ಬಿಟ್ಟರು, ಆಮೇಲೆ ನಾಲ್ಕನೆಯ ಗೋಡೆ ಕಟ್ಟಿಕೊಂಡರು. ದೊಡ್ಡ ಮನೆತನದ ಹೆಣ್ಣು ನಾಲ್ಕು ಜನರ ಮುಂದೆ ಕೆಮ್ಮುವುದಿಲ್ಲ ಎಂಬ ಮಾತು ಎಲ್ಲಿಂದಲೋ ಎದ್ದು ಬಂತು. ಯಾರು ಹೂತಿಟ್ಟಿದ್ದರೋ, ಯಾರು ಅಗೆದರೋ.

ಹೋದ ಪಂಚಮಿ ಹಬ್ಬಕ್ಕೆ ಸೂಗಮ್ಮ ನಾಲ್ಕು ವರ್ಷದ ಮಗಳು ಮುತ್ತಿಯನ್ನು ಕರೆದುಕೊಂಡು ತವರಿಗೆ ಬಂದಳು. ಸೊರಗಿದ್ದಳು. ಮಾತಿನ ನಡುವೆ ಮತ್ತೆ ಮತ್ತೆ ನೀರು ಕುಡಿಯುತ್ತಿದ್ದಳು, ಏನನ್ನೋ ನುಂಗಿ ಕಣ್ಣು ಮುಚ್ಚಿ ತೆರೆಯುತ್ತಿದ್ದಳು. ಊರಲ್ಲಿ ಯಾರು ಕೆಮ್ಮಿದರೂ ಕತ್ತಲಲ್ಲೇ ಹೆಸರು ಹೇಳುವವಳು ನಾನು, ಮಗಳ ಕೆಮ್ಮು ನನಗೆ ಕೇಳಿಸಲಿಲ್ಲ. ಅದಕ್ಕೆ ಸದ್ದೇ ಇರಲಿಲ್ಲ. ಕೆಮ್ಮು ನುಂಗುವುದನ್ನು ಅಷ್ಟು ಚೆನ್ನಾಗಿ ಕಲಿತು ಬಂದಿದ್ದಳು. ಮರುದಿನ ಕಟ್ಟೆಯಲ್ಲಿ ಅವಳ ಕುಡಿಕೆಗೆ ಗಾಜು ಹಿಡಿದರೆ ಏನೂ ಇಲ್ಲ ಎಂದಿತು. ಸುತ್ತ ಇದ್ದವರು ಉಸ್ಸೆಂದರು. ನಾನು ಕುಡಿಕೆಯೊಳಗೆ ನೋಡಿದೆ. ಎಳನೀರಿನಂತೆ ತಿಳಿಯಾಗಿತ್ತು. “ಇದು ಬಾಯಿದು, ಎದಿದಲ್ಲ” ಎಂದೆ. ಅವಳು ನನ್ನ ಕೈ ಹಿಡಿದುಕೊಂಡು “ಯವ್ವಾ, ಎಲ್ಲಾರ ಮುಂದ ಬ್ಯಾಡ” ಎಂದಳು. ಕೆಮ್ಮುಕಟ್ಟೆಯಲ್ಲೇ ಆಡಿ ಬೆಳೆದ ಹುಡುಗಿ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಹಾಗೆಂದಳು. ಹಬೆ ಕೊಟ್ಟು ಬೆನ್ನು ತಟ್ಟಿದಾಗ ಬಂದದ್ದರಲ್ಲಿ ರಕ್ತವಿತ್ತು. ಗಾಜು ನಾಟದ ಮದ್ದುಗಳ ಹೆಸರನ್ನು ಓದತೊಡಗಿತು. ಎಲ್ಲ ಹೆಸರೂ ಮುಗಿದ ಮೇಲೆ ಉಳಿಕೆಯ ಹೆಸರನ್ನೂ ಓದಿತು.

ಅಂದೇ ಅವಳನ್ನು ಹೊರಗಾಳಿ ಮನೆಗೆ ಸೇರಿಸಿದೆ. ಇನ್ನು ಉಳಿದದ್ದು ಮುತ್ತಿ. ತಾಯಿಯ ಮಗ್ಗುಲಲ್ಲಿ ಮಲಗಿ ಬೆಳೆದ ಕೂಸು, ಅದರ ಎದೆಯಲ್ಲೂ ಇದ್ದರೆ ಹೊಸತಾಗಿಯೇ ಇರಬೇಕು, ಈಗಲೇ ಕೈಗೆ ಸಿಕ್ಕರೆ ಬದುಕೀತು. ಆದರೆ ಕುಡಿಕೆ ಕಂಡರೆ ಸಾಕು, ಮುತ್ತಿ ಲಂಗದ ಅಂಚನ್ನು ಬಾಯಿಗೆ ಒತ್ತಿಕೊಂಡು ತಲೆಯಾಡಿಸುತ್ತಿದ್ದಳು. “ಹೆಣ್ಮಕ್ಕಳು ಕೆಮ್ಮಬಾರ್ದಂತ, ಆಚಿ ದಂಡಿ ಆಯಿ ಹೇಳ್ಯಾಳ” ಎನ್ನುತ್ತಿದ್ದಳು, ಅಪ್ಪನ ತಾಯಿಯ ಮಾತು ಹಿಡಿದು. ಹಬೆಗೆ ಅತ್ತಳು, ಬೆನ್ನು ತಟ್ಟಿದರೆ ಬಿಗಿದುಕೊಂಡಳು. ನನ್ನ ಕುಚೋದ್ಯಗಳೆಲ್ಲ ದೊಡ್ಡವರವು, ಅವಳಿಗೆ ಅರ್ಥವಾಗಲಿಲ್ಲ. ಇಡೀ ಊರನ್ನು ಕೆಮ್ಮಿಸಿದವಳು ಒಂದು ಕೂಸನ್ನು ಕೆಮ್ಮಿಸಲಾಗದೆ ಕುಕ್ಕರಗಾಲಲ್ಲಿ ಕೂತಿದ್ದಾಗ, ಗೋಡೆಯ ಆಚೆಯಿಂದ ಸೂಗಮ್ಮನ ದನಿ ಬಂತು: “ಮುತ್ತೀ, ಆನಿ ಕೇಳ್ತೀಯೇನ?” ಆಮೇಲೆ ಅವಳು ಕೆಮ್ಮಿದಳು. ಮಾತಾಡಲೂ ಉಸಿರು ಸಾಲದವಳು, ಬೇವಿನ ಮರದ ಗುಬ್ಬಿಗಳು ಹಾರಿಹೋಗುವಂತೆ ಕೆಮ್ಮಿದಳು. ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತರು. ಮುತ್ತಿ ಲಂಗ ಬಿಟ್ಟು ಕಿಲಕಿಲನೆ ನಕ್ಕಳು, ನಕ್ಕು ತಾನೂ ಹೊಟ್ಟೆ ಕುಣಿಸಿ ಕೆಮ್ಮಿದಳು. ನಾನು ಕುಡಿಕೆ ಹಿಡಿದೆ. ಗಾಜು ಎಲ್ಲ ಹೆಸರುಗಳನ್ನೂ ಓದಿತು, ಉಳಿಕೆಯ ಹತ್ತಿರ ಬಂದು ನಿಂತುಕೊಂಡಿತು.

ಅಂದಿನಿಂದ ಮುತ್ತಿಗೆ ಉಳಿಕೆ ನಡೆದಿದೆ. ಉಳಿಕೆ ನಾಟುವ ಕೂಸುಗಳನ್ನು ಹೊರಗಾಳಿ ಮನೆಗೆ ಹಾಕುವುದಿಲ್ಲ, ಕಟ್ಟೆಯ ಬಯಲಲ್ಲಿ ನನ್ನ ಹತ್ತಿರವೇ ಇದ್ದಾಳೆ. ದಿನಾ ಮುಂಜಾನೆ ಅವಳು ಗೋಡೆಗೆ ಕೆನ್ನೆ ಒತ್ತಿ ಆನೆ ಕೆಮ್ಮು ಕೆಮ್ಮುವಳು, ಆಚೆಯಿಂದ ಅವಳವ್ವ ಉತ್ತರ ಕೊಡುವಳು. ಆನೆ ಬರಬರುತ್ತ ಗುಬ್ಬಿಯಾಯಿತು. ಹೋದ ಅಮಾವಾಸ್ಯೆಗೆ ಅದೂ ನಿಂತಿತು. ಸೂಗಮ್ಮನನ್ನು ನಾವು ಮಣ್ಣು ಮಾಡಿದೆವು. ಕೂಸಿಗೆ ಹೇಳೋಣವೆಂದು ಕೂತು ಬಾಯಿ ತೆರೆದರೆ, ಅದು ನನ್ನ ತುಟಿಗಳನ್ನೇ ನೋಡುತ್ತಿತ್ತು. ಉಳಿಕೆ ಆಗಲೇ ಅದರ ಕಿವಿಯನ್ನು ತಿಂದಿತ್ತು. ಅವ್ವ ಇಲ್ಲದ್ದಕ್ಕೆ ಕೆಮ್ಮು ಕೇಳುತ್ತಿಲ್ಲವೋ, ತನ್ನ ಕಿವಿ ಹೋದದ್ದಕ್ಕೆ ಕೇಳುತ್ತಿಲ್ಲವೋ, ಅದಕ್ಕೆ ಗೊತ್ತಿಲ್ಲ. ಈಗ ಮುತ್ತಿ ಕೆಮ್ಮಿ, ಗೋಡೆಗೆ ಎರಡೂ ಅಂಗೈ ಇಟ್ಟು ಕಾಯುತ್ತಾಳೆ. ಅದನ್ನು ನೋಡಲಾಗದೆ ಒಂದು ದಿನ ನಾನು ಗೋಡೆಯ ಆಚೆ ಬದಿಗೆ ಹೋಗಿ ಮುಷ್ಟಿಯಿಂದ ಗುದ್ದಿದೆ. ಅಂಗೈಗೆ ತಾಕಿರಬೇಕು, ಈಚೆ ಕಡೆಯಿಂದ ನಗು ಕೇಳಿಸಿತು. ಅದು ಕೂಸಿಗೆ ಮಾಡುತ್ತಿರುವ ಮೋಸ ಎಂದು ನನಗೆ ಗೊತ್ತು. ದಿನಾ ಮಾಡುತ್ತಿದ್ದೇನೆ.

ಆಚೆ ದಂಡೆಯಲ್ಲಿ ಈಗ ಎಷ್ಟು ಸೊಸೆಯಂದಿರು ನೀರು ಕುಡಿಯುತ್ತ ನುಂಗುತ್ತಿದ್ದಾರೋ. ಕುಡಿಕೆ ಹಿಡಿದು ಹೋದರೆ ಬಾಗಿಲು ಹಾಕುತ್ತಾರೆ; ನಾಲ್ಕು ಗೋಡೆ ಇದ್ದವರಿಗೆ ಬಾಗಿಲೂ ಇರುತ್ತದೆ. ಅಲ್ಲಿಂದ ಒಳಸವೆತ ಈಚೆಗೆ ಬಂದೇ ಬರುತ್ತದೆ, ಉಳಿಕೆಗೂ ಬಗ್ಗದೆ ಬರುತ್ತದೆ. ಈ ಊರು ಇನ್ನೊಂದು ತಲೆಮಾರು ಉಳಿದೀತೆಂದು ನನಗೆ ನಂಬಿಕೆಯಿಲ್ಲ. ಆದರೂ ನಿನ್ನಲ್ಲಿ ಮದ್ದು ಕೇಳುತ್ತಿಲ್ಲ, ಅದನ್ನು ಕಳಿಸುವ ದಾರಿಯಿಲ್ಲ. ಒಂದೇ ಮಾತು. ನಾಳೆ ಯಾವುದೋ ಮನೆಯಲ್ಲಿ ಒಬ್ಬಳು ಒರೆಸಿದ ಡಬ್ಬಿಯನ್ನು ನಿನ್ನ ಕೈಗೆ ಕೊಡುತ್ತಾಳೆ. ಮುಚ್ಚಳ ತೆಗೆದು ನೋಡು. ತಿಳಿಯಾಗಿದ್ದರೆ ತೆಗೆದುಕೊಂಡು ಹೋಗಬೇಡ. ಅವಳನ್ನು ಹಿತ್ತಿಲ ಬಯಲಿಗೆ ಕರೆದುಕೊಂಡು ಹೋಗು, ಗಂಡಸರನ್ನು ಹೊಲಕ್ಕೆ ಅಟ್ಟು, ಅತ್ತೆ ಗೊಣಗಿದರೆ ಗೊಣಗಲಿ. ಗಾಳಿಗೆ ಬೆನ್ನು ಕೊಟ್ಟು ಅವಳ ಪಕ್ಕದಲ್ಲಿ ನಿಂತು ಮೊದಲು ನೀನು ಕೆಮ್ಮು. ಆನೆಯ ಹಾಗೆ ಕೆಮ್ಮು, ನಾಚಬೇಡ. ನಿನ್ನನ್ನು ನೋಡಿ ಅವಳು ನಕ್ಕಾಳು. ನಕ್ಕರೆ ಕೆಮ್ಮಿಯಾಳು.

ಬೆಳಕು ಹರಿಯಿತು. ಮುತ್ತಿ ಎದ್ದು ಗೋಡೆಯ ಹತ್ತಿರ ಹೋಗಿದ್ದಾಳೆ, ನಾನು ಆಚೆ ಬದಿಗೆ ಹೋಗಬೇಕು. ಶರಣು.