ಪುಟಾಣಿ ಎತ್ತಿದ ಬಿಲ್ಲೆಗಳು

ಹಿತ್ತಿಲ ಶೆಡ್ಡಿನಿಂದ,
ಅಕ್ಟೋಬರ್ ಹದಿನಾಲ್ಕು, ಬೆಳಿಗ್ಗೆ ಹತ್ತೂವರೆ

ಪ್ರೀತಿಯ ಪುಟಾಣೀ,

ಮನೆಗೆ ಬೆಂಕಿ ಬಿದ್ದಿದೆ. ಅಡುಗೆಮನೆಯ ಹೊಗೆ ಬೀದಿಯ ತಿರುವಿನವರೆಗೂ ಹೋಗಿ, ಎದುರುಮನೆ ನರ್ಸಮ್ಮ ಬಕೆಟ್ ಹಿಡಿದು ಓಡಿ ಬಂದಳು. ಕೂಡಲೇ ಹೊರಟು ಬಾ.

ಹೆದರಿದೆಯಾ? ಕೂತುಕೋ, ಒಂದು ಲೋಟ ನೀರು ಕುಡಿ. ಸುಳ್ಳು. ಸೀದದ್ದು ಒಲೆಯ ಮೇಲಿದ್ದ ಕಡಲೆಕಾಳಿನ ಪಾತ್ರೆ, ಅಷ್ಟೇ. ನರ್ಸಮ್ಮನೂ ನಿಜ, ಬಕೆಟ್ಟೂ ನಿಜ, ನೀರು ಬಿದ್ದದ್ದು ಮಾತ್ರ ನನ್ನ ತಲೆಯ ಮೇಲೆ. ನೀನಿದ್ದಿದ್ದರೆ ನಕ್ಕು ನಕ್ಕು ನೆಲಕ್ಕೆ ಬೀಳುತ್ತಿದ್ದೆ. ಈಗ ಈ ಮನೆಯಲ್ಲಿ ನಗುವವನು ನಾನೊಬ್ಬನೇ, ಅದೂ ಹಲ್ಲಿಲ್ಲದ ಬಾಯಲ್ಲಿ.

ನೀನು ಹೇಗಿದ್ದೀಯಾ? ಮೊಣಕಾಲ ನೋವು ಇಳಿಯಿತೇ? ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವಾಗ ಬೆನ್ನು ಬಗ್ಗಿಸಬೇಡ, ಮಂಡಿ ಬಗ್ಗಿಸು. ನಿನಗೆ ನಾನು ಇದನ್ನು ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ, ಆದರೂ ಹೇಳದಿದ್ದರೆ ತಿಂದದ್ದು ಅರಗುವುದಿಲ್ಲ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಅಜ್ಜಿಗೆ ಕಣ್ಣು ಸ್ವಲ್ಪ ಮಂಜು. ಐವತ್ತು ವರ್ಷ ಊರಿನವರ ಬಟ್ಟೆ ಹೊಲಿದವಳಿಗೆ ಈಗ ಸೂಜಿಗೆ ದಾರ ಪೋಣಿಸಿಕೊಡುವ ಕೆಲಸ ನನ್ನದು. ಸಂಬಳ ಬೈಗುಳ, ಬೋನಸ್ಸೂ ಬೈಗುಳ.

ಪಾತ್ರೆ ಯಾಕೆ ಸೀದಿತು ಎಂದು ಹೇಳಬೇಕಲ್ಲ. ನೀನು ಹೋಗಿ ಏಳು ತಿಂಗಳಾಯಿತು. ಅಜ್ಜಿ ಇವತ್ತಿಗೂ ಸಂಜೆ ನಾಲ್ಕು ಹಿಡಿ ಕಡಲೆ ನೆನೆಹಾಕುತ್ತಾಳೆ. ಒಂದು ಹಿಡಿ ನಮ್ಮಿಬ್ಬರಿಗೆ, ಮೂರು ನಿನ್ನದು. ಬೆಳಿಗ್ಗೆ ಒಲೆಗೇರಿಸುತ್ತಾಳೆ. ಬೇಯುವ ಹೊತ್ತಿಗೆ ಮೂರು ಹಿಡಿ ತಿನ್ನುವವಳು ಇಲ್ಲ ಎಂಬುದು ನೆನಪಾಗಿ, ಸೌಟು ಹಿಡಿದು ಹಾಗೇ ನಿಂತುಬಿಡುತ್ತಾಳೆ. ಇವತ್ತು ನಿಂತದ್ದು ಸ್ವಲ್ಪ ಜಾಸ್ತಿಯಾಯಿತು. ನಾನು ಎಂದಿನಂತೆ 'ನಿನ್ನ ಬೇಳೆ ಇನ್ನೂ ಬೇಯಲಿಲ್ಲವೇನೇ' ಅಂದೆ. ಬೈಯಲಿಲ್ಲ, ಪುಟಾಣಿ. ಬೈಯದೆ ಸೆರಗಿನಿಂದ ಕಣ್ಣು ಒರೆಸಿಕೊಂಡು, 'ನನ್ನ ಕಾಳೇ ಅವಳನ್ನ ಹಾಳು ಮಾಡ್ತು ಅಲ್ವೇನ್ರೀ' ಅಂದಳು. ಅದಕ್ಕೇ ಬಂದು ಈ ಕಾಗದ ಬರೆಯಲು ಕೂತೆ.

ನಿನ್ನ ಸೋದರತ್ತೆ ಬರೆದಿದ್ದಾಳೆ, ನೀನು ಅವಳ ಮನೆಯಲ್ಲಿ ದಿನಾ ಮೂಗು ಹಿಡಿದುಕೊಂಡು ಮಾಂಸದ ಸಾರು ಕುಡಿಯುತ್ತೀಯಂತೆ, ಎಷ್ಟೋ ದಿನ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲವಂತೆ. ಭಾರ ಎತ್ತುವ ಕಬ್ಬಿಣವನ್ನು ಮಾತ್ರ ಮುಟ್ಟಿಲ್ಲವಂತೆ. 'ನನ್ನ ಮೈಯೇ ನನಗೆ ಮೋಸ ಮಾಡ್ತು, ಇನ್ನು ಯಾವುದನ್ನ ನಂಬಲಿ' ಅಂದೆಯಂತೆ. ಅತ್ತೆಯ ಅಕ್ಷರ ಕೋಳಿ ಕೆರೆದ ಹಾಗಿದ್ದರೂ ಆ ಒಂದು ಸಾಲು ನನಗೆ ಅಚ್ಚು ಹಾಕಿದ ಹಾಗೆ ಕಾಣುತ್ತದೆ.

ನೀನು ಮಾಂಸ ಬಿಟ್ಟದ್ದಕ್ಕೂ ನಾನೇ ಕಾರಣ, ನೆನಪಿದೆಯಾ? ಏಳು ವರ್ಷದವಳು. ಊಟಕ್ಕೆ ಕೂತವಳು ನಿನ್ನ ಮೊಲ ಕಾಣುತ್ತಿಲ್ಲ ಎಂದು ಹುಡುಕುತ್ತಿದ್ದೆ. 'ತಟ್ಟೇಲಿ ನೋಡು' ಅಂದೆ ನಾನು. ಮೊಲ ನನ್ನ ಚಪ್ಪಲಿ ಪೆಟ್ಟಿಗೆಯಲ್ಲಿ ಎಲೆಕೋಸು ಮೇಯುತ್ತಾ ಕೂತಿತ್ತು. ತಂದು ತೋರಿಸಿದೆ, ಕಿವಿ ಹಿಡಿದುಕೊಂಡೆ, ಹತ್ತು ಬಸ್ಕಿ ಹೊಡೆದೆ. ನೀನು ನಕ್ಕೆ, ಕ್ಷಮಿಸಿದೆ, ಆದರೆ ಆ ತಟ್ಟೆಯನ್ನು ಮತ್ತೆ ಮುಟ್ಟಲಿಲ್ಲ. ಅವತ್ತಿನಿಂದ ಹಾಲು, ಮೊಸರು, ಕಾಳು. ಹದಿನಾರಕ್ಕೆ ಭಾರ ಎತ್ತುತ್ತೇನೆಂದು ಹೊರಟಾಗ ಕ್ಲಬ್ಬಿನ ಕೋಚು ನಿನ್ನನ್ನು ಬಾಗಿಲಲ್ಲೇ ನಿಲ್ಲಿಸಿ, 'ಕಾಳು ತಿನ್ನೋರು ಕಾಳಷ್ಟೇ ಎತ್ತೋದು, ಮಾಂಸ ತಿಂದು ಬಾ' ಅಂದ. ಎರಕದ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಮರಳಿನ ಅಚ್ಚು ಕಟ್ಟಿದ ಅಜ್ಜ ಇರುವಾಗ ಯಾವ ಕ್ಲಬ್ಬಿನ ಹಂಗು? ಇಪ್ಪತ್ತು ಕಿಲೋದ ಒಂದು ಸರಳು ಕೊಂಡು, ಅದಕ್ಕೆ ಸಿಕ್ಕಿಸಲು ಆರು ಬಿಲ್ಲೆ ಎರಕ ಹೊಯ್ದು, ಹತ್ತು ಕಿಲೋ ಎಂದು ಉಬ್ಬಚ್ಚು ಹಾಕಿ, ಹಳದಿ ಬಣ್ಣ ಬಳಿದು, ಈ ಶೆಡ್ಡನ್ನೇ ನಿನ್ನ ಗರಡಿ ಮಾಡಿಕೊಟ್ಟೆ.

ಅಜ್ಜಿ ಲೈಬ್ರರಿಯಿಂದ ಪುಸ್ತಕ ತಂದು ಬೆರಳಿಟ್ಟು ಓದಿದಳು. ಯಾವ ಕಾಳಲ್ಲಿ ಎಷ್ಟು ಪ್ರೋಟೀನ್, ಕಾಳಿನ ಜೊತೆ ಧಾನ್ಯ ಯಾಕೆ ಬೇಕು, ಎತ್ತಿದ ಮೇಲೆ ಎಷ್ಟು ಹೊತ್ತಿಗೆ ತಿನ್ನಬೇಕು. ಅವಳಿಗೆ ಗ್ರಾಮಿನ ಲೆಕ್ಕ ಹಿಡಿಸಲಿಲ್ಲ, ಎಲ್ಲವನ್ನೂ ಹಿಡಿಗೆ ಇಳಿಸಿದಳು. ಕಡಲೆ ಮೂರು ಹಿಡಿ, ಸೋಯಾ ಒಂದು, ನೆಲಗಡಲೆ ಒಂದು, ಮೇಲೆ ಗಟ್ಟಿ ಮೊಸರು. ನೀನು ಬೆವರು ಒರೆಸಿಕೊಳ್ಳುವುದರೊಳಗೆ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು. ಪ್ರತಿ ತಿಂಗಳ ಮೊದಲ ಭಾನುವಾರ ತನ್ನ ಹೊಲಿಗೆ ಟೇಪಿನಲ್ಲಿ ನಿನ್ನ ತೋಳು ಅಳೆದು ಅಡುಗೆಮನೆ ಬಾಗಿಲ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದಳು. ಹತ್ತೂವರೆ ಇಂಚಿನಿಂದ ಹದಿಮೂರಕ್ಕೆ ಹೋಯಿತು. ಎರಡು ಸಲ ನಿನ್ನ ಅಂಗಿಯ ತೋಳು ಬಿಚ್ಚಿ ಹೊಲಿದಳು. ಒಳಗಿನ ತೋಳೂ ಅವಳದೇ ಕೆಲಸ, ಹೊರಗಿನ ತೋಳೂ ಅವಳದೇ ಕೆಲಸ ಎಂದು ನಾನು ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದೆ. ಆ ಪೆನ್ಸಿಲ್ ಗುರುತುಗಳು ಇನ್ನೂ ಇವೆ. ಒರೆಸಲು ಬಿಟ್ಟಿಲ್ಲ.

ತಂಡದ ಆಯ್ಕೆ ಸ್ಪರ್ಧೆಗೆ ಹೋಗುವ ವಾರ ಈ ಶೆಡ್ಡಿನಲ್ಲಿ ಆರೂ ಬಿಲ್ಲೆ ಹಾಕಿ ಎಂಬತ್ತು ಎತ್ತಿದೆ. ಅದಕ್ಕೇ ಅಲ್ಲಿ ಧೈರ್ಯವಾಗಿ ಎಪ್ಪತ್ತೈದು ಎಂದು ಬರೆಸಿದೆ. ಒಮ್ಮೆ ಬರೆಸಿದ ಮೇಲೆ ಕೆಳಗಿಳಿಯುವಂತಿಲ್ಲ, ಮೂರೇ ಅವಕಾಶ. ಮೊದಲು ಕೈ ಬಿಸಿ ಮಾಡಿಕೊಳ್ಳಲು ಅಲ್ಲಿನ ಸರಳು ಎತ್ತಿದವಳು ನನ್ನತ್ತ ಬಂದು, 'ಅಜ್ಜಾ, ಇಲ್ಲಿಯ ಕಬ್ಬಿಣ ಯಾಕೋ ಭಾರ' ಅಂದೆ. 'ಭಾರ ಇರೋದು ನಿನ್ನ ಹೆದರಿಕೆ ಕಣೇ, ಕಬ್ಬಿಣ ಅಲ್ಲ' ಅಂದೆ ನಾನು. ನೀನು ನಕ್ಕು ಹೋದೆ. ಮೂರು ಸಲವೂ ಸರಳು ನಿನ್ನ ಮಂಡಿ ದಾಟಲಿಲ್ಲ. ಕೋಚು ಜನರ ಮುಂದೆ ಚಪ್ಪಾಳೆ ತಟ್ಟಿದ. ಅವತ್ತು ತಂಡಕ್ಕೆ ಆಯ್ಕೆಯಾದ ಹುಡುಗಿ ಎತ್ತಿದ್ದು ಅರವತ್ತೈದು. ಮನೆಗೆ ಬಂದವಳು ಅಜ್ಜಿ ಹಿಡಿದಿದ್ದ ಬಟ್ಟಲನ್ನು ಸಿಂಕಿಗೆ ಸುರಿದು, 'ನಿನ್ನ ಕಾಳು ನಂಬಿ ಹಾಳಾದೆ' ಅಂದೆ. ಮೂರನೇ ದಿನ ಚೀಲ ಕಟ್ಟಿದೆ. ನಾನು ಪಕ್ಕದಲ್ಲೇ ನಿಂತಿದ್ದೆ, ಪುಟಾಣಿ.

ಮತ್ತೇನು ಸುದ್ದಿ? ನಿನ್ನ ಮೊಲದ ಮೊಮ್ಮಕ್ಕಳ ಮೊಮ್ಮಕ್ಕಳು ನರ್ಸಮ್ಮನ ಹೂಕುಂಡಗಳನ್ನು ಬೋಳಿಸಿವೆ. ಅತ್ತೆಗೆ ನಮ್ಮ ನೆನಪು ಹೇಳು. ಹೊತ್ತು ಹೊತ್ತಿಗೆ ಉಣ್ಣು, ಬೇಡದ್ದನ್ನು ಮೂಗು ಹಿಡಿದು ಕುಡಿಯಬೇಡ. ನೂರು ವರ್ಷ ಗಟ್ಟಿಯಾಗಿ ಬಾಳು, ನಮ್ಮ ಆಯುಸ್ಸಿನಲ್ಲಿ ಮಿಕ್ಕಿದ್ದೂ ನಿನಗೇ ಸೇರಲಿ.

ಇಂತಿ,
ನಿನ್ನ ಕಿತಾಪತಿ ಅಜ್ಜ

ವಿ.ಸೂ.: ಅಂಚೆಯವನು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಾನೆ, ಆದ್ದರಿಂದ ಬೇಗ ಹೇಳಿಬಿಡುತ್ತೇನೆ. ನಾನು ಮೊದಲು ಹೊಯ್ದ ಬಿಲ್ಲೆಗಳು ಸರಿಯಾಗೇ ಇದ್ದವು. ಮೊದಲ ತಿಂಗಳು ನಿನಗೆ ನಲವತ್ತೂ ಏಳಲಿಲ್ಲ. ಮೂರು ದಿನ ಇದೇ ಶೆಡ್ಡಿನ ಮೂಲೆಯಲ್ಲಿ ಕೂತು ಕಣ್ಣೀರು ಹಾಕಿದೆ. ನನಗೆ ನೋಡಲಾಗಲಿಲ್ಲ. ನೀನು ಕಾಲೇಜಿಗೆ ಹೋಗಿದ್ದಾಗ ಹಳೆಯ ಕಾರ್ಖಾನೆಗೆ ಹೋಗಿ ಬೇರೆ ಆರು ಬಿಲ್ಲೆ ಹೊಯ್ದು ತಂದೆ. ಅದೇ ಅಳತೆ, ಅದೇ ಹಳದಿ, ಒಳಗೆ ಟೊಳ್ಳು. ಒಂದು ತಿಂಗಳು ಧೈರ್ಯ ಬರಲಿ, ಆಮೇಲೆ ಬದಲಾಯಿಸೋಣ ಅಂದುಕೊಂಡೆ. ಆದರೆ ಅವತ್ತು ನೀನು ಎತ್ತಿ, 'ಅಜ್ಜೀ, ಕಾಳು ಕೆಲಸ ಮಾಡ್ತು' ಎಂದು ಕೂಗಿ ಅವಳನ್ನೇ ಎತ್ತಿ ತಿರುಗಿಸಿದೆಯಲ್ಲ, ಆಮೇಲೆ ಎರಡು ವರ್ಷ ನನಗೆ ಬಾಯಿ ಬರಲಿಲ್ಲ. 'ಇಲ್ಲಿಯ ಕಬ್ಬಿಣ ಭಾರ' ಅಂದಾಗಲೂ ಬರಲಿಲ್ಲ. ನೀನು ಎಂಬತ್ತು ಎಂದುಕೊಂಡು ಎತ್ತಿದ್ದು ಅರವತ್ತೆಂಟು. ಕಾಳು ತಿಂದ ತೋಳು ಎತ್ತಿದ ನಿಜವಾದ ಅರವತ್ತೆಂಟು. ಅರವತ್ತೇಳು ಎಂದು ಬರೆಸಿದ್ದರೆ ತಂಡದಲ್ಲಿ ನೀನಿರುತ್ತಿದ್ದೆ. ಅಜ್ಜಿಗೆ ಇನ್ನೂ ಗೊತ್ತಿಲ್ಲ, ಅಂಚೆಯವನು ಬೆನ್ನು ತಿರುಗಿಸಿದ ಕೂಡಲೇ ಒಳಗೆ ಹೋಗಿ ಹೇಳುತ್ತೇನೆ. ಇದನ್ನೂ ತಮಾಷೆ ಎಂದುಕೊಳ್ಳುತ್ತೀಯ, ಅಷ್ಟು ಸಲ ಬೆಂಕಿ ಬಿದ್ದಿದೆ ಎಂದು ಕೂಗಿದ್ದೇನೆ. ಅದಕ್ಕೇ ಒಂದು ಬಿಲ್ಲೆಯನ್ನು ನಡುವೆ ಗರಗಸದಲ್ಲಿ ಕೊಯ್ದು ಅರ್ಧವನ್ನು ಈ ಕಾಗದದ ಜೊತೆ ಪಾರ್ಸೆಲ್ಲಿನಲ್ಲಿ ಕಳಿಸುತ್ತಿದ್ದೇನೆ. ನನ್ನ ಮಾತು ನಂಬಬೇಡ, ನಿಮ್ಮ ಗೋದಾಮಿನ ತಕ್ಕಡಿಯಲ್ಲಿ ಇಟ್ಟು ನೋಡು. ಐದು ಕಿಲೋ ತೂಗಬೇಕು. ನಾಲ್ಕೇ ತೂಗುತ್ತದೆ. ಉಳಿದ ಒಂದು ಕಿಲೋ ನಾನು ಕದ್ದದ್ದು.