ಕಾಫಿ ಮುಗಿಯುವವರೆಗೆ

ಸೀಡರ್ ರನ್, ಪಶ್ಚಿಮ ವರ್ಜೀನಿಯಾ
೧೯ ಅಕ್ಟೋಬರ್ ೧೯೯೪

ಪ್ರೀತಿಯ ರಾಯ್ಸ್,

ಹೇಗಿದ್ದೀಯಪ್ಪ? ಅಲಾಸ್ಕಾದ ಚಳಿಗೆ ಕೈಬೆರಳು ಒಡೆದು ಬಲೆ ಎಳೆಯಲು ಆಗುತ್ತಿಲ್ಲ ಎಂದು ಬರೆದಿದ್ದೆ, ವಾಸಿಯಾಯಿತೇ? ಹಚ್ಚಿಕೊಳ್ಳಲು ಕರಡಿ ಕೊಬ್ಬು ಕಳಿಸು ಎಂದಿದ್ದೆ. ಈ ವರ್ಷ ನಮ್ಮ ಮನೆಯಲ್ಲಿ ಅದಿಲ್ಲ. ನಿನ್ನ ದೋಣಿ ದಡಕ್ಕೆ ಬಂದಾಗಲೇ ಈ ಕಾಗದ ಕೈಸೇರುವುದು, ಆಗ ಒಂದು ಕಡೆ ಕೂತು ಓದು. ನಿಮ್ಮಪ್ಪ ಬದುಕಿದ್ದಾರೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಹೋದ ಶನಿವಾರ ಬೆಳಕು ಹರಿಯುವ ಮೊದಲೇ ಅಪ್ಪ ಮತ್ತು ಡೆಲ್ಬರ್ಟ್ ಚಿಕ್ಕಪ್ಪ ಬಿಲ್ಲು ಹಿಡಿದು ಓಕ್ ಮರಗಳ ಗುಡ್ಡಕ್ಕೆ ಹೋದರು. ಈ ಸಲ ಓಕ್ ಕಾಯಿ ರಾಶಿ ಬಿದ್ದಿದೆ, ಅದನ್ನು ತಿನ್ನಲು ಕರಡಿಗಳು ಅಲ್ಲೇ ಬೀಡುಬಿಟ್ಟಿವೆ. ಅಪ್ಪ ತಮ್ಮ ಹಳೆಯ ಅಟ್ಟಣೆ ಹತ್ತಿದರು, ಚಿಕ್ಕಪ್ಪ ಹಳ್ಳದ ಆಚೆ ಇನ್ನೊಂದು ಮರ ಹತ್ತಿದ. ಅರವತ್ತಕ್ಕೆ ಬಂದವರು ಇಪ್ಪತ್ತಡಿ ಮೇಲೆ ಕೋಳಿಯ ಹಾಗೆ ಕೂರಬೇಕೇ ಎಂದು ನಾನು ಪ್ರತಿ ವರ್ಷ ರೇಗುತ್ತೇನೆ, ಯಾರು ಕೇಳುತ್ತಾರೆ. ಸೊಂಟವನ್ನು ಮರಕ್ಕೆ ಕಟ್ಟಿಕೊಳ್ಳುವ ಬೆಲ್ಟು ಮನೆಯ ಗೂಟದಲ್ಲೇ ನೇತಾಡುತ್ತಿತ್ತು.

ಎಂಟು ಗಂಟೆಗೆ ಕರಡಿ ಬಂತಂತೆ. ಅಪ್ಪ ಬಾಣ ಬಿಟ್ಟು, ಅದು ಓಡಿದ ದಿಕ್ಕು ನೋಡಲು ಬಗ್ಗಿದರು. ಅಟ್ಟಣೆಯನ್ನು ಮರಕ್ಕೆ ಬಿಗಿದಿದ್ದ ಪಟ್ಟಿ ಕಿತ್ತುಬಂತು. ಚಿಕ್ಕಪ್ಪನಿಗೆ ಪೊದೆಗಳ ಮರೆಯಲ್ಲಿ ಏನೂ ಕಾಣಲಿಲ್ಲ, ಬರೀ ಸದ್ದು ಕೇಳಿಸಿತು: ಪೊದೆ ಮುರಿದದ್ದು, ಧಪ್ಪೆಂದು ಬಿದ್ದದ್ದು, ಆಮೇಲೆ ನರಳಾಟ. ಬಾಣ ತಾಗಿದ ಕರಡಿ ಪ್ರಾಣ ಬಿಡುವಾಗ ಹೇಗೆ ನರಳುತ್ತದೆ ಎಂದು ನಿನಗೂ ಗೊತ್ತು, ಥೇಟ್ ಮನುಷ್ಯರ ದನಿ. ಅವಸರಪಟ್ಟು ಹತ್ತಿರ ಹೋದರೆ ಅದು ಮತ್ತೆ ಎದ್ದು ಓಡುತ್ತದೆ, ಫ್ಲಾಸ್ಕಿನ ಕಾಫಿ ಮುಗಿಯುವವರೆಗೆ ಯಾರೂ ಮರ ಇಳಿಯಕೂಡದು ಎಂಬುದು ನಿಮ್ಮಜ್ಜನ ಕಾಲದ ಕಟ್ಟಳೆ. ಚಿಕ್ಕಪ್ಪ ಕಾಫಿ ಕುಡಿದ. ಆಮೇಲೂ ನರಳಾಟ ನಿಲ್ಲಲಿಲ್ಲವಾಗಿ, ಏಟು ಸರಿಯಾಗಿ ಬಿದ್ದಿಲ್ಲವೆಂದು ಇನ್ನೂ ಅರ್ಧ ಗಂಟೆ ಕಾದ. ಒಟ್ಟು ಒಂದು ಗಂಟೆ, ರಾಯ್ಸ್. ನರಳುತ್ತಿದ್ದದ್ದು ನಿಮ್ಮಪ್ಪ. ಪಕ್ಕೆಲುಬು ಮುರಿದು ಅವರಿಗೆ ಮಾತು ಹೊರಡುತ್ತಿರಲಿಲ್ಲ. ಬಾಣ ಮಣ್ಣಿನಲ್ಲಿ ನೆಟ್ಟುಕೊಂಡಿತ್ತು, ಅದರ ಮೇಲೆ ಕರಡಿಯ ಒಂದು ಕೂದಲೂ ಇರಲಿಲ್ಲ.

ಬೆನ್ನುಮೂಳೆ ಮುರಿದಿದೆ. ಸೊಂಟದ ಕೆಳಗೆ ಏನೂ ತಿಳಿಯುವುದಿಲ್ಲ, ನಡೆಯುವ ಆಸೆ ಬಿಡಿ ಎಂದು ಆಸ್ಪತ್ರೆಯ ಡಾಕ್ಟರು ಹೇಳಿದ್ದಾರೆ. ಅಪ್ಪ ಎಚ್ಚರವಾಗಿ ಆಡಿದ ಮೊದಲ ಮಾತೇ ಇದು: "ಡೆಲ್ಬರ್ಟ್‌ಗೆ ಬೈಬೇಡ ಕಣೇ. ನಾನಾಗಿದ್ರೂ ಕಾಯ್ತಿದ್ದೆ. ಅವ್ನು ಕಾಫಿ ಸ್ವಲ್ಪ ನಿಧಾನಕ್ಕೆ ಕುಡೀತಾನೆ, ಅಷ್ಟೇ." ನಗಲು ಹೋಗಿ ನೋವಿಗೆ ಕಣ್ಣಲ್ಲಿ ನೀರು ತಂದುಕೊಂಡರು. ಚಿಕ್ಕಪ್ಪ ಮಾತ್ರ ಆಸ್ಪತ್ರೆಯ ಒಳಗೆ ಕಾಲಿಡುವುದಿಲ್ಲ, ಹೊರಗೆ ಪಿಕಪ್ ಗಾಡಿಯಲ್ಲೇ ದಿನವಿಡೀ ಕೂತಿರುತ್ತಾನೆ. "ಅತ್ತಿಗೆ, ಒಡಹುಟ್ಟಿದ ಅಣ್ಣನ ದನಿ ನಂಗೆ ಗೊತ್ತಾಗ್ಲಿಲ್ವಲ್ಲ. ಆಗ್ಲೇ ಇಳಿದು ಹೋಗಿದ್ರೆ ಕಾಲಾದ್ರೂ ಉಳೀತಿತ್ತು" ಎನ್ನುತ್ತಾನೆ. ಊಟ ಬಿಟ್ಟಿದ್ದಾನೆ. ನಿನ್ನೆ ಅವನ ಹೆಂಡತಿ ಬಂದು ಅವನ ಬಂದೂಕುಗಳನ್ನೆಲ್ಲ ನಮ್ಮ ಮನೆಯಲ್ಲಿ ಇಟ್ಟುಹೋದಳು. ಯಾಕೆಂದು ನಾನು ಕೇಳಲಿಲ್ಲ.

ನೀನು ಕೆಲಸ ಬಿಟ್ಟು ಓಡಿಬರಬೇಡ ಎಂದು ಅಪ್ಪ ಹೇಳಿದ್ದಾರೆ. ಅಲ್ಲಿ ಹೊಟ್ಟೆಗೆ ಸರಿಯಾಗಿ ತಿನ್ನು, ಕೈ ಒದ್ದೆ ಇಟ್ಟುಕೊಳ್ಳಬೇಡ. ಆ ನೀರಿನ ಮೇಲೆ ದೇವರು ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ನೋಲಾ

ತಾ.ಕ.: ಬಿದ್ದ ಕ್ಷಣದಲ್ಲೇ ಬೆನ್ನು ಹೋಗಿತ್ತು, ಆ ಒಂದು ಗಂಟೆಯಿಂದ ಏನೂ ಹೆಚ್ಚುಕಡಿಮೆ ಆಗಿಲ್ಲ ಎಂದು ಡಾಕ್ಟರು ಭಾನುವಾರವೇ ನನಗೆ ಬಿಡಿಸಿ ಹೇಳಿದರು. ಚಿಕ್ಕಪ್ಪನಿಗೆ ನಾನಿದನ್ನು ಹೇಳಿಲ್ಲ. ಮೂರು ಸಲ ಗಾಡಿಯವರೆಗೂ ಹೋದೆ. ಅವನ ಮುಖ ಕಂಡ ಕೂಡಲೇ, ಇವನೂ ಒಂದಿಷ್ಟು ನರಳಲಿ ಅನ್ನಿಸಿ ವಾಪಸು ಬಂದೆ. ಇದನ್ನು ಓದಿದ ತಕ್ಷಣ ಅವನಿಗೆ ನೀನೇ ಫೋನ್ ಮಾಡಿ ಹೇಳು. ನನ್ನಿಂದ ಆಗುತ್ತಿಲ್ಲ.